ಕಾಡಿನ ಪರ ಮಾತಾಡುವ ಕರಡಿ, ಗೂಬೆ, ಪಾಂಡಾ, ಗಿಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಗಲವಾದ ಟೋಪಿ, ನೀಲಿ ಜೀನ್ಸ್ ಹಾಕಿಕೊಂಡ ಕರಡಿಯೊಂದು ಬೆಂಕಿ ಬಗ್ಗೆ ಎಚ್ಚರಿಕೆ ಹೇಳುವ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಆ ಕರಡಿಯ ಹೆಸರು ಸ್ಮೋಕಿ. ಅದರ ಹಿಂದೆ ಎಂಬತ್ತು ವರ್ಷಗಳ ಕಥೆಯಿದೆ. ಅದರಲ್ಲಿ ಯುದ್ಧ ಇದೆ, ಜಾಹೀರಾತು ಕಂಪನಿ ಇದೆ, ಕಾಲು ಸುಟ್ಟುಕೊಂಡ ಒಂದು ಮರಿ ಇದೆ, ಕಾಯಿದೆ ಇದೆ, ಕೊನೆಗೆ ವಿಜ್ಞಾನಿಗಳ ತಕರಾರೂ ಇದೆ. ಕಾಡು ಮತ್ತು ವನ್ಯಜೀವಿಗಳ ಪರವಾಗಿ ಹುಟ್ಟಿಕೊಂಡ ಇಂಥ ಮ್ಯಾಸ್ಕಾಟ್‌ಗಳ ಬಗ್ಗೆ ಮೇಷ್ಟ್ರುಗಳು, ಮಕ್ಕಳು, ಪರಿಸರದ ಕೆಲಸ ಮಾಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಮ್ಯಾಸ್ಕಾಟ್ ಅಂದರೆ ಲೋಗೊನೇ ಅಲ್ವಾ?

ಅಲ್ಲ. ಲೋಗೊ ಒಂದು ಗುರುತು, ಅಷ್ಟೆ. ಮ್ಯಾಸ್ಕಾಟ್‌ಗೆ ಹೆಸರಿರುತ್ತದೆ, ಸ್ವಭಾವ ಇರುತ್ತದೆ, ಹೇಳುವುದಕ್ಕೆ ಒಂದು ಮಾತಿರುತ್ತದೆ. ಅದರ ವೇಷ ಹಾಕಿಕೊಂಡವರು ಶಾಲೆಗೆ ಬಂದರೆ ಮಕ್ಕಳು ಓಡಿ ಹೋಗಿ ಕೈ ಹಿಡಿದುಕೊಳ್ಳುತ್ತಾರೆ. ಲೋಗೊ ಜೊತೆ ಯಾರೂ ಹಾಗೆ ಮಾಡುವುದಿಲ್ಲ.

ಇದರ ಜೊತೆ ಇನ್ನೊಂದು ಬಗೆಯೂ ಇದೆ. ಒಂದು ಪ್ರಾಣಿಯನ್ನು ಮುಂದಿಟ್ಟುಕೊಂಡು ಇಡೀ ಕಾಡನ್ನೇ ಉಳಿಸುವುದು. ನಮ್ಮ ಹುಲಿ ಯೋಜನೆ ಅಂಥದ್ದು. 1973ರ ಏಪ್ರಿಲ್ 1ರಂದು ಶುರುವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಇತ್ತು. ಹುಲಿ ಉಳಿಯಬೇಕಾದರೆ ಜಿಂಕೆ ಬೇಕು, ಕಡವೆ ಬೇಕು, ಹುಲ್ಲು ಬೇಕು, ನೀರು ಬೇಕು. ಅಲ್ಲಿ ಹುಲಿ ಮಾತಾಡಲಿಲ್ಲ, ಟೋಪಿಯನ್ನೂ ಹಾಕಿಕೊಳ್ಳಲಿಲ್ಲ. ಆದರೂ ಮ್ಯಾಸ್ಕಾಟ್ ಮಾಡುವ ಕೆಲಸದಲ್ಲಿ ಅರ್ಧವನ್ನು ಅದೇ ಮಾಡಿತು.

ಇದೆಲ್ಲ ಎಲ್ಲಿ, ಯಾವಾಗ ಶುರುವಾಯಿತು?

ಅಮೆರಿಕದಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ. 1942ರ ಫೆಬ್ರವರಿಯಲ್ಲಿ ಜಪಾನಿನ ಒಂದು ಸಬ್‌ಮರೀನ್ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಹತ್ತಿರ, ಎಲ್‌ವುಡ್ ಎಂಬ ಕಡೆ ತೈಲ ಬಾವಿಗಳ ಮೇಲೆ ಗುಂಡು ಹಾರಿಸಿತು. ಹಾನಿ ಅಷ್ಟೇನೂ ಆಗಲಿಲ್ಲ. ಆದರೆ ಸಮೀಪದಲ್ಲೇ ಲಾಸ್ ಪಾದ್ರೆಸ್ ಎಂಬ ದೊಡ್ಡ ಸರ್ಕಾರಿ ಕಾಡಿತ್ತು. ಆ ಗುಂಡು ಅಲ್ಲಿ ಬಿದ್ದಿದ್ದರೆ ಏನು ಗತಿ ಎಂಬ ಭಯ ಎಲ್ಲರಿಗೂ ಹತ್ತಿಕೊಂಡಿತು. ಬೆಂಕಿ ಆರಿಸುವ ಗಟ್ಟಿಮುಟ್ಟಾದ ಹುಡುಗರೆಲ್ಲ ಯುದ್ಧಕ್ಕೆ ಹೋಗಿದ್ದರು. ಇತ್ತ ಹಡಗು, ಬ್ಯಾರಕ್ಕುಗಳಿಗೆ ಮರ ಬೇಕೇ ಬೇಕು.

ಬೆಂಕಿ ಬಿದ್ದ ಮೇಲೆ ಆರಿಸಲು ಜನ ಇಲ್ಲ ಅಂದರೆ ಬೀಳದ ಹಾಗೆ ನೋಡಿಕೊಳ್ಳಬೇಕು. ಅದಕ್ಕೆ ಅರಣ್ಯ ಇಲಾಖೆ ಜಾಹೀರಾತು ಮಂದಿಯ ಜೊತೆ ಕೈಜೋಡಿಸಿತು. ಮೊದಲ ಪೋಸ್ಟರುಗಳು ಭಯ ಹುಟ್ಟಿಸುವಂತಿದ್ದವು. ಅಜಾಗರೂಕತೆಯಿಂದ ಗೀರಿದ ಬೆಂಕಿಕಡ್ಡಿ ಶತ್ರುವಿಗೆ ಮಾಡಿದ ಸಹಾಯ, ನಮ್ಮ ಮೈಮರೆವೇ ಅವರ ಗುಟ್ಟಿನ ಅಸ್ತ್ರ, ಹೀಗೆ. ಯುದ್ಧಕಾಲದ ಭಾಷೆ ಅದು. ಮಕ್ಕಳಿಗೆ ಹಿಡಿಸುವಂಥದ್ದಲ್ಲ.

ಕರಡಿಗಿಂತ ಮೊದಲು ಜಿಂಕೆಮರಿ ಇತ್ತಂತೆ, ನಿಜಾನಾ?

ನಿಜ. ಡಿಸ್ನಿಯ 'ಬ್ಯಾಂಬಿ' ಚಿತ್ರ 1942ರಲ್ಲಿ ಬಂದಿತ್ತು. ಅದರಲ್ಲಿ ಕಾಡಿಗೆ ಬೆಂಕಿ ಬೀಳುವ ದೃಶ್ಯವೂ ಇದೆ. ಆ ಜಿಂಕೆಮರಿಯನ್ನು ಪೋಸ್ಟರಿನಲ್ಲಿ ಬಳಸಲು ಡಿಸ್ನಿ ಒಂದು ವರ್ಷದ ಮಟ್ಟಿಗೆ ಒಪ್ಪಿಗೆ ಕೊಟ್ಟಿತು. 1944ರಲ್ಲಿ ಪೋಸ್ಟರ್ ಬಂತು, ಜನ ತುಂಬಾ ಇಷ್ಟಪಟ್ಟರು. ಭಯಕ್ಕಿಂತ ಪ್ರಾಣಿಯ ಮುಖ ಹೆಚ್ಚು ಕೆಲಸ ಮಾಡುತ್ತದೆ ಅಂತ ಇಲಾಖೆಗೆ ಗೊತ್ತಾಗಿದ್ದು ಆಗಲೇ. ಆದರೆ ಎರವಲು ತಂದ ಜಿಂಕೆಯನ್ನು ವಾಪಸ್ ಕೊಡಲೇಬೇಕು. ಸ್ವಂತಕ್ಕೆ ಒಂದು ಪ್ರಾಣಿ ಬೇಕಾಯಿತು.

ಕರಡಿಯನ್ನೇ ಯಾಕೆ ಆರಿಸಿದರು? ಆ ಚಿತ್ರ ಬರೆದವರು ಯಾರು?

1944ರ ಆಗಸ್ಟ್ 9ರಂದು ಕರಡಿ ಅಂತ ತೀರ್ಮಾನವಾಯಿತು. ಸ್ಮೋಕಿ ಹುಟ್ಟಿದ ದಿನ ಅಂತ ಇವತ್ತಿಗೂ ಆಚರಿಸುವುದು ಅದನ್ನೇ. ಚಿತ್ರಕಾರನಿಗೆ ಕೊಟ್ಟ ಸೂಚನೆ ಓದಿದರೆ ಎಷ್ಟು ಯೋಚನೆ ಮಾಡಿದ್ದರು ಅಂತ ತಿಳಿಯುತ್ತದೆ. ಮೂತಿ ಮೊಂಡಾಗಿರಬೇಕು, ಪಾಂಡಾ ಥರ. ಬಣ್ಣ ಕಪ್ಪು ಇಲ್ಲವೇ ಕಂದು. ಮುಖ ನೋಡಿದರೆ ಪ್ರೀತಿ ಬರಬೇಕು, ತಿಳಿವಳಿಕೆ ಇರುವ ಹಾಗೆ ಕಾಣಬೇಕು, ಏನೋ ಕೇಳುತ್ತಿರುವಂತೆಯೂ ಇರಬೇಕು. ತಲೆಗೆ ಕಾಡಿನವರು, ಸ್ಕೌಟ್ ಹುಡುಗರು ಹಾಕುವಂಥ ಟೋಪಿ ಇದ್ದರೆ ಒಳ್ಳೆಯದು.

ಮೂತಿಯ ಉದ್ದವನ್ನೂ ಬಿಡದೆ ಬರೆದುಕೊಟ್ಟಿದ್ದಾರೆ ನೋಡಿ. ಅಷ್ಟು ಮುತುವರ್ಜಿಯಿಂದಲೇ ಆ ಮುಖ ಇಷ್ಟು ವರ್ಷ ಬಾಳಿತು ಅಂತ ನನಗನ್ನಿಸುತ್ತದೆ.

ಮೊದಲ ಚಿತ್ರ ಬರೆದವರು ಆಲ್ಬರ್ಟ್ ಸ್ಟೇಲಿ. ಟೋಪಿ, ಜೀನ್ಸ್ ಹಾಕಿದ ಕರಡಿ ಉರಿಯುವ ಕ್ಯಾಂಪ್ ಬೆಂಕಿಗೆ ಬಕೆಟ್ಟಿನಿಂದ ನೀರು ಸುರಿಯುತ್ತಿದೆ. ಹತ್ತು ಕಾಳ್ಗಿಚ್ಚುಗಳಲ್ಲಿ ಒಂಬತ್ತನ್ನು ಎಚ್ಚರದಿಂದ ತಡೆಯಬಹುದು ಅಂತ ಕೆಳಗೆ ಬರೆದಿತ್ತು. ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳದಲ್ಲಿ ಹೆಸರಾಗಿದ್ದ 'ಸ್ಮೋಕಿ' ಜೋ ಮಾರ್ಟಿನ್ ಅವರ ಅಡ್ಡಹೆಸರೇ ಕರಡಿಗೆ ಬಂತು. ಮುಂದೆ ಅರಣ್ಯ ಇಲಾಖೆಯ ಕಲಾವಿದ ರೂಡಿ ವೆಂಡೆಲಿನ್ ದಶಕಗಳ ಕಾಲ ಸ್ಮೋಕಿಯನ್ನು ಬರೆದರು. ಇವತ್ತು ನಮಗೆ ಗೊತ್ತಿರುವ ಮುಖ ಹೆಚ್ಚಾಗಿ ಅವರದ್ದೇ.

"ಕಾಳ್ಗಿಚ್ಚು ತಡೆಯಲು ನಿಮ್ಮಿಂದ ಮಾತ್ರ ಸಾಧ್ಯ" ಎಂಬ ಪ್ರಸಿದ್ಧ ಮಾತು ಬಂದದ್ದು 1947ರಲ್ಲಿ. ಫುಟ್, ಕೋನ್ ಅಂಡ್ ಬೆಲ್ಡಿಂಗ್ ಎಂಬ ಜಾಹೀರಾತು ಕಂಪನಿ ಈ ಪ್ರಚಾರದ ಕೆಲಸವನ್ನು ಹಣ ತೆಗೆದುಕೊಳ್ಳದೆ ಮಾಡಿಕೊಟ್ಟಿತು.

ನಿಜವಾದ ಸ್ಮೋಕಿ ಕರಡಿ ಅಂತ ಒಂದಿತ್ತಾ?

ಇತ್ತು. ಆದರೆ ಪೋಸ್ಟರ್ ಬಂದ ಆರು ವರ್ಷದ ಮೇಲೆ. ಆ ಕರಡಿಯನ್ನು ನೋಡಿ ಚಿತ್ರ ಬರೆದರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅದು ಉಲ್ಟಾ.

1950ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಲಿಂಕನ್ ಕಾಡಿನ ಕ್ಯಾಪಿಟನ್ ಬೆಟ್ಟಗಳಲ್ಲಿ ದೊಡ್ಡ ಬೆಂಕಿ ಬಿತ್ತು. ಬೆಂಕಿ ಆರಿಸಲು ಹೋದವರಿಗೆ ಸುಟ್ಟು ಕರಕಲಾದ ಮರವೊಂದರಲ್ಲಿ ಕರಡಿಮರಿ ಕಂಡಿತು. ಬೆಂಕಿಗೆ ಹೆದರಿ ಮರ ಹತ್ತಿ ಕೂತಿತ್ತು. ಜೀವ ಉಳಿದಿತ್ತು, ಪಾದಗಳು ಮತ್ತು ಹಿಂಗಾಲುಗಳು ಸುಟ್ಟಿದ್ದವು. ಮೊದಲು ಅದಕ್ಕೆ 'ಹಾಟ್‌ಫುಟ್ ಟೆಡ್ಡಿ' ಅಂತ ಹೆಸರಿಟ್ಟರು. ವನ್ಯಜೀವಿ ಇಲಾಖೆಯ ರೇ ಬೆಲ್ ಅದನ್ನು ವಿಮಾನದಲ್ಲಿ ಸಾಂಟಾ ಫೆ ಊರಿನ ಪಶುವೈದ್ಯರ ಹತ್ತಿರ ಕರೆದೊಯ್ದು, ಬ್ಯಾಂಡೇಜ್ ಕಟ್ಟಿಸಿ, ತಮ್ಮ ಮನೆಯಲ್ಲೇ ಸಾಕಿದರು. ಸುದ್ದಿ ದೇಶವೆಲ್ಲ ಹರಡಿತು. ಪೋಸ್ಟರಿನ ಕರಡಿಯ ಹೆಸರೇ ಮರಿಗೂ ಬಂತು.

ಮರಿಯನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯಕ್ಕೆ ಸಾಗಿಸಿದ್ದು ಒಂದು ಪುಟ್ಟ ವಿಮಾನದಲ್ಲಿ. ಕೈಗೆ ಪಟ್ಟಿ ಕಟ್ಟಿಕೊಂಡ ಕರಡಿಮರಿಯ ಚಿತ್ರವನ್ನು ಆ ವಿಮಾನದ ಮೈಮೇಲೆ ಬರೆದಿದ್ದರು. ಮೃಗಾಲಯಕ್ಕೆ ಮಕ್ಕಳ ಕಾಗದಗಳು ಯಾವ ಪರಿ ಬಂದವೆಂದರೆ 1964ರಲ್ಲಿ ಅಂಚೆ ಇಲಾಖೆ ಸ್ಮೋಕಿಗೇ ಅಂತ ಪ್ರತ್ಯೇಕ ಪಿನ್‌ಕೋಡ್ ಕೊಟ್ಟಿತು: 20252. ಈ ಕರಡಿ 26 ವರ್ಷ ಬದುಕಿ 1976ರ ನವೆಂಬರಿನಲ್ಲಿ ತೀರಿಕೊಂಡಿತು. ಅದನ್ನು ಹುಟ್ಟೂರಾದ ಕ್ಯಾಪಿಟನ್‌ಗೇ ತಂದು ಮಣ್ಣು ಮಾಡಿದರು. ಅಲ್ಲಿ ಅದರ ಹೆಸರಿನ ಪಾರ್ಕ್ ಇದೆ.

ಸ್ಮೋಕಿ ಚಿತ್ರವನ್ನು ಟೀ ಶರ್ಟ್ ಮೇಲೆ ಹಾಕಿ ಮಾರಬಹುದಾ?

ಅಮೆರಿಕದಲ್ಲಿ ಅನುಮತಿ ಇಲ್ಲದೆ ಮಾರುವಂತಿಲ್ಲ. 1952ರಲ್ಲೇ ಅಲ್ಲಿನ ಸಂಸತ್ತು ಸ್ಮೋಕಿಗಾಗಿ ಒಂದು ಕಾಯಿದೆ ಮಾಡಿತು. ಹೆಸರು, ಚಿತ್ರ ಎರಡೂ ಸರ್ಕಾರದ ಹತೋಟಿಯಲ್ಲಿವೆ. ಲೈಸೆನ್ಸ್‌ನಿಂದ ಬರುವ ಹಣ ಬೆಂಕಿ ತಡೆಯುವ ತಿಳಿವಳಿಕೆಯ ಕೆಲಸಕ್ಕೇ ಹೋಗಬೇಕು. ಒಳ್ಳೆಯ ವ್ಯವಸ್ಥೆ ಇದು. ಕರಡಿಯ ಹೆಸರಲ್ಲಿ ದುಡಿದದ್ದು ಕಾಡಿಗೇ ವಾಪಸ್.

ಸ್ಮೋಕಿಯಿಂದ ನಿಜವಾಗಿಯೂ ಕಾಳ್ಗಿಚ್ಚು ಕಡಿಮೆಯಾಯಿತಾ?

ಜನರ ಮನಸ್ಸಂತೂ ಬದಲಾಯಿತು. ಕ್ಯಾಂಪ್ ಬೆಂಕಿಯನ್ನು ನೀರು ಹಾಕಿ ಆರಿಸಿ ಹೋಗಬೇಕು, ಸಿಗರೇಟಿನ ತುಂಡು ಕಿಟಕಿಯಿಂದ ಎಸೆಯಬಾರದು ಅನ್ನುವುದು ತಲೆಮಾರುಗಳಿಗೆ ಅಭ್ಯಾಸವಾಯಿತು. ಆದರೆ ಸುಟ್ಟ ಎಕರೆಗಳ ಲೆಕ್ಕ ತೋರಿಸಿ ಇದೆಲ್ಲ ಕರಡಿಯ ಸಾಧನೆ ಅನ್ನುವುದು ಸರಿಯಲ್ಲ. ಅದೇ ದಶಕಗಳಲ್ಲಿ ಕಾವಲು ಗೋಪುರ, ವಿಮಾನ, ರೇಡಿಯೋ, ರಸ್ತೆ ಎಲ್ಲ ಬಂದವು. 1983ಕ್ಕಿಂತ ಹಿಂದಿನ ಅಂಕಿಅಂಶಗಳನ್ನು ಈಗಿನವುಗಳ ಜೊತೆ ಹೋಲಿಸಬೇಡಿ ಅಂತ ಅಮೆರಿಕದ ಅಧಿಕಾರಿಗಳೇ ಹೇಳುತ್ತಾರೆ, ಲೆಕ್ಕ ಹಾಕುವ ರೀತಿ ಬೇರೆ ಇತ್ತು.

ಒಂದು ಮಾತು ಮಾತ್ರ ಗಟ್ಟಿ. 1992ರಿಂದ 2012ರವರೆಗಿನ ದಾಖಲೆ ನೋಡಿದರೆ ಅಮೆರಿಕದ ಕಾಳ್ಗಿಚ್ಚುಗಳಲ್ಲಿ ನೂರಕ್ಕೆ 84 ಮನುಷ್ಯರಿಂದಲೇ ಹತ್ತಿಕೊಂಡವು. ಕರಡಿಯ ಮಾತಿಗೆ ಇನ್ನೂ ಕೆಲಸ ಇದೆ.

ಸ್ಮೋಕಿಯಿಂದಲೇ ಕಾಡು ಹಾಳಾಯಿತು ಅಂತಲೂ ಕೆಲವರು ಹೇಳುತ್ತಾರಲ್ಲ?

ಇದು ತುಂಬಾ ಮುಖ್ಯವಾದ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬೆಂಕಿ ಅಂದರೆ ಶತ್ರು ಎಂಬ ನೀತಿ ಸ್ಮೋಕಿಗಿಂತ ಹಳೆಯದು. 1910ರ ಆಗಸ್ಟಿನಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಬೆಂಕಿ ಆರಿಸಲು ಹೋದ ಎಷ್ಟೋ ಜನ ಸತ್ತರು. ಆಗಿನ್ನೂ ಐದು ವರ್ಷದ ಕೂಸಾಗಿದ್ದ ಅರಣ್ಯ ಇಲಾಖೆಗೆ ಅದು ಮರೆಯಲಾಗದ ಪೆಟ್ಟು. 1935ರಲ್ಲಿ ಇಲಾಖೆ ಒಂದು ನಿಯಮ ಮಾಡಿತು: ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕು. ಮಿಂಚಿನಿಂದ ಬಿದ್ದ ಬೆಂಕಿಯಾದರೂ ಸರಿ, ದೂರದ ಬೆಟ್ಟದ ತುದಿಯಲ್ಲಾದರೂ ಸರಿ. ಸ್ಮೋಕಿ ಈ ನೀತಿಗೆ ಒಂದು ಮುದ್ದು ಮುಖ ಕೊಟ್ಟ. ಅಷ್ಟಾದ ಮೇಲೆ ಅದನ್ನು ಯಾರು ಪ್ರಶ್ನಿಸುತ್ತಾರೆ?

ಆದರೆ ಆ ಕಾಡುಗಳಲ್ಲಿ ಎಷ್ಟೋ ಬೆಂಕಿಯ ಜೊತೆಗೇ ಬೆಳೆದವು. ದೈತ್ಯ ಸಿಕೋಯ ಮರದ ಕಾಯಿಗಳು ಬೆಂಕಿಯ ಬಿಸಿಗೆ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಸುಟ್ಟು ಚೊಕ್ಕಟವಾದ ನೆಲದಲ್ಲಿ ಆ ಬೀಜ ಚೆನ್ನಾಗಿ ಮೊಳೆಯುತ್ತದೆ. ಅಲ್ಲಿನ ಮೂಲ ನಿವಾಸಿಗಳು ತಲೆತಲಾಂತರದಿಂದ ಸಣ್ಣ ಬೆಂಕಿ ಹಾಕಿ ಕಾಡನ್ನು ನಿಭಾಯಿಸುತ್ತಿದ್ದರು. ಎಲ್ಲ ಬೆಂಕಿಯನ್ನೂ ನಿಲ್ಲಿಸಿದಾಗ ತರಗೆಲೆ, ಒಣಕಡ್ಡಿ, ಪೊದೆ, ಸಣ್ಣ ಮರಗಳು ವರ್ಷದಿಂದ ವರ್ಷಕ್ಕೆ ಪೇರಿಕೊಂಡವು. ಆಮೇಲೆ ಬೀಳುವ ಬೆಂಕಿ ನೆಲದಲ್ಲಿ ಹರಿದು ಹೋಗುವುದಿಲ್ಲ, ಮರದ ನೆತ್ತಿಗೇ ಏರುತ್ತದೆ. 1988ರಲ್ಲಿ ಯೆಲ್ಲೊಸ್ಟೋನ್ ಪಾರ್ಕಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಕಿಗೆ ಸಿಕ್ಕಿದಾಗ ಈ ಚರ್ಚೆ ಟಿವಿ ಮೂಲಕ ಮನೆಮನೆಗೆ ಬಂತು. ಆ ವರ್ಷದ ಭೀಕರ ಬರ, ಗಾಳಿ ಕೂಡ ಅದಕ್ಕೆ ದೊಡ್ಡ ಕಾರಣ, ಅದನ್ನು ಮರೆಯಬಾರದು.

ಹತ್ತು ಗಂಟೆಯ ನಿಯಮವನ್ನು ಇಲಾಖೆ ಎಪ್ಪತ್ತರ ದಶಕದ ಕೊನೆಗೇ ಕೈಬಿಟ್ಟಿತ್ತು. ಜನರ ತಲೆಯಲ್ಲಿ ಮಾತ್ರ ಎಲ್ಲ ಬೆಂಕಿಯೂ ಕೆಟ್ಟದ್ದು ಅಂತಲೇ ಉಳಿಯಿತು. ಇಲಾಖೆಯೇ ಬೇಕಂತ ಹದವಾಗಿ ಬೆಂಕಿ ಹಾಕಲು ಹೋದರೆ ಊರಿನವರು ತಕರಾರು ತೆಗೆಯುತ್ತಿದ್ದರು. ನನ್ನ ಪ್ರಕಾರ ಸ್ಮೋಕಿಯನ್ನು ದೂರುವುದು ತಪ್ಪು. ಅವನು ಹೇಳಿದ್ದು ಕ್ಯಾಂಪ್ ಹಾಕಲು ಬರುವವರಿಗೆ, ಆ ಮಾತು ಇವತ್ತಿಗೂ ಸರಿ. ಅದನ್ನೇ ಇಡೀ ಕಾಡಿನ ನೀತಿ ಅಂದುಕೊಂಡದ್ದು ದೊಡ್ಡವರು. ಮ್ಯಾಸ್ಕಾಟ್ ಕಲಿಸಿದ ಪಾಠ ಎಷ್ಟು ಗಟ್ಟಿಯಾಗಿ ಕೂರುತ್ತದೆ ಅಂದರೆ, ವಿಜ್ಞಾನ ಬದಲಾದ ಮೇಲೂ ಅದು ಏಳುವುದಿಲ್ಲ. ಆದ್ದರಿಂದಲೇ ಅದರ ಬಾಯಲ್ಲಿ ಯಾವ ಮಾತು ಇಡುತ್ತೇವೆ ಅನ್ನುವುದರಲ್ಲಿ ತುಂಬಾ ಹುಷಾರಾಗಿರಬೇಕು.

2001ರಲ್ಲಿ ಸ್ಮೋಕಿಯ ಮಾತನ್ನು ಚೂರು ತಿದ್ದಿದರು. 'ಕಾಡಿನ ಬೆಂಕಿ' ಅನ್ನುತ್ತಿದ್ದ ಜಾಗದಲ್ಲಿ 'ಹತೋಟಿ ಮೀರಿದ ಬೆಂಕಿ' ಎಂಬ ಅರ್ಥದ ಪದ ಬಂತು. ಹುಲ್ಲುಗಾವಲಿನ ಬೆಂಕಿಯೂ ಅದರಲ್ಲಿ ಸೇರಿತು, ಇಲಾಖೆ ಹದವಾಗಿ ಹಾಕುವ ಬೆಂಕಿ ಹೊರಗುಳಿಯಿತು.

ಈ ಪಾಠ ನಮ್ಮ ಕಾಡುಗಳಿಗೆ ಹೊಂದುತ್ತದಾ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿ. ಅವರಲ್ಲಿ 'ತರಗು ಬೆಂಕಿ' ಎಂಬ ಪದ್ಧತಿ ಇತ್ತು. ಬೇಸಗೆ ಬಲಿಯುವ ಮೊದಲೇ, ನೆಲ ಪೂರ್ತಿ ಒಣಗುವ ಮುನ್ನ, ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ಮೊಣಕಾಲೆತ್ತರಕ್ಕೂ ಏರದೆ ಹರಿದು ಆರಿಹೋಗುತ್ತಿತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಅಂತ ಸೋಲಿಗರು ಬಹಳ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಅಲ್ಲೇ ಇದ್ದು ಅಧ್ಯಯನ ಮಾಡಿದ ಸಂಶೋಧಕರು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. ಲಂಟಾನ ಒಣಗಿದರೆ ಬೆಂಕಿಗೆ ಹೇಳಿ ಮಾಡಿಸಿದ ಸೌದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಅದನ್ನು ಎಲ್ಲರೂ ನೋಡಿದರು.

ಹಾಗಂತ ಯಾರು ಬೇಕಾದರೂ ಕಾಡಿಗೆ ಕಡ್ಡಿ ಗೀರಬಹುದು ಅಂತಲ್ಲ. ಮಾರ್ಚ್‌ನಲ್ಲಿ ಬೇಕಂತ ಹಾಕುವ ಬೆಂಕಿಗೂ ತರಗು ಬೆಂಕಿಗೂ ಅಜಗಜಾಂತರ. ಆದರೆ ಬೆಂಕಿ ಅಂದರೆ ಕೆಟ್ಟದ್ದು ಅಂತ ಒಂದೇ ಸಾಲು ಹೇಳುವ ಕರಡಿಯನ್ನು ಹಾಗೇ ತಂದು ಚಾಮರಾಜನಗರದಲ್ಲಿ ನಿಲ್ಲಿಸಿದರೆ ಸೋಲಿಗರ ತಿಳಿವಳಿಕೆಯನ್ನೇ ತಪ್ಪು ಅಂದ ಹಾಗಾಗುತ್ತದೆ.

ಸ್ಮೋಕಿ ಬಿಟ್ಟರೆ ಅಮೆರಿಕದಲ್ಲಿ ಬೇರೆ ಯಾವುವು ಇವೆ?

1971ರಲ್ಲಿ ಬಂದ ವುಡ್ಸಿ ಎಂಬ ಗೂಬೆ. ಅದೂ ಅರಣ್ಯ ಇಲಾಖೆಯದ್ದೇ. ಅದರ ಕೆಲಸ ಕಸ, ಮಾಲಿನ್ಯದ ಬಗ್ಗೆ ಹೇಳುವುದು. 1974ರಲ್ಲಿ ಅದಕ್ಕೂ ಒಂದು ಕಾಯಿದೆ ಆಯಿತು. ನಮ್ಮಲ್ಲಿ ಗೂಬೆ ಅಂದರೆ ಅಪಶಕುನ, ಬೈಗುಳ ಕೂಡ. ಅಲ್ಲಿ ಅದು ಜಾಣ ಹಕ್ಕಿ. ಪ್ರಾಣಿಯನ್ನು ಆರಿಸುವ ಮೊದಲು ಆ ಊರಿನವರು ಅದನ್ನು ಹೇಗೆ ನೋಡುತ್ತಾರೆ ಅಂತ ತಿಳಿದಿರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಅದೇ 1971ರಲ್ಲಿ ಇನ್ನೊಂದು ಜಾಹೀರಾತೂ ಬಂತು. ರಸ್ತೆಬದಿಯ ಕಸ ನೋಡಿ ಕಣ್ಣೀರಿಡುವ ಮೂಲ ನಿವಾಸಿಯ ಚಿತ್ರ. ಆ ಪಾತ್ರ ಮಾಡಿದ ನಟ ಐರನ್ ಐಸ್ ಕೋಡಿ ಇಟಲಿ ಮೂಲದ ಕುಟುಂಬದವರು ಅಂತ ಆಮೇಲೆ ತಿಳಿಯಿತು. ಕಸ ಹುಟ್ಟಿಸುವ ಕಂಪನಿಗಳನ್ನು ಬಿಟ್ಟು ಎಲ್ಲ ಹೊಣೆಯನ್ನೂ ಜನಸಾಮಾನ್ಯರ ತಲೆಗೆ ಕಟ್ಟಿತು ಎಂಬ ಟೀಕೆಯೂ ಬಂತು. 2023ರಲ್ಲಿ ಆ ಜಾಹೀರಾತಿನ ಹಕ್ಕು ಮೂಲ ನಿವಾಸಿಗಳ ಸಂಘಟನೆಗೇ ಸೇರಿತು. ಅವರು ಅದನ್ನು ನಿಲ್ಲಿಸಿದರು. ಪ್ರಾಣಿಯನ್ನು ಮ್ಯಾಸ್ಕಾಟ್ ಮಾಡುವುದು ಬೇರೆ, ಒಂದು ಜನಾಂಗವನ್ನು ಮಾಡುವುದು ಬೇರೆ.

ಪಾಂಡಾ ಹೇಗೆ ಬಂತು?

1961ರಲ್ಲಿ ವನ್ಯಜೀವಿ ಉಳಿಸುವ ಡಬ್ಲ್ಯೂಡಬ್ಲ್ಯೂಎಫ್ ಸಂಸ್ಥೆ ಹುಟ್ಟಿದಾಗ ಲಂಡನ್ ಮೃಗಾಲಯದಲ್ಲಿ ಚಿ ಚಿ ಎಂಬ ಪಾಂಡಾ ಇತ್ತು. 1958ರಲ್ಲಿ ಬಂದದ್ದು, ಜನಕ್ಕೆ ಅದೆಂದರೆ ಪ್ರಾಣ. ಜೆರಾಲ್ಡ್ ವಾಟರ್‌ಸನ್ ಮಾಡಿದ ಕೆಲವು ರೇಖಾಚಿತ್ರಗಳನ್ನು ಇಟ್ಟುಕೊಂಡು ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಪೀಟರ್ ಸ್ಕಾಟ್ ಅದರ ಲೋಗೊ ಬರೆದರು. ಚೆಂದದ ಪ್ರಾಣಿ, ಅಪಾಯದಲ್ಲಿರುವ ಪ್ರಾಣಿ ಅನ್ನುವುದರ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿದರೂ ಚೆನ್ನಾಗಿ ಕಾಣುತ್ತದೆ, ಖರ್ಚು ಉಳಿಯುತ್ತದೆ. 2016ರಲ್ಲಿ ಪಾಂಡಾವನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಒಂದು ಮೆಟ್ಟಿಲು ಕೆಳಗಿಳಿಸಿದರು. ಅದು ಚೀನಾದಲ್ಲಿ ಕಾಡು ಉಳಿಸಿ ಬೆಳೆಸಿದ್ದರ ಫಲ.

ಮ್ಯಾಸ್ಕಾಟ್‌ನಿಂದ ಒಂದು ಪ್ರಾಣಿ ನಿಜವಾಗಿ ಉಳಿದ ಉದಾಹರಣೆ ಇದೆಯಾ?

ಇದೆ, ನನಗೆ ತುಂಬಾ ಇಷ್ಟವಾದ ಕಥೆ. ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪ. ಅಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಕಾಣದ ಒಂದು ಗಿಳಿ ಇದೆ. ಹಸಿರು ಮೈ, ನೀಲಿ ಮುಖ, ಎದೆಯ ಮೇಲೆ ಕೆಂಪು. ಊರಿನವರು ಅದನ್ನು ಜಾಕೋ ಅನ್ನುತ್ತಾರೆ. ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಬೇಟೆ, ಕಾಡು ಕಡಿತ, ಪಂಜರಕ್ಕೆ ಹಿಡಿಯುವುದು ಎಲ್ಲ ಸೇರಿ ಇಡೀ ದ್ವೀಪದಲ್ಲಿ ನೂರರ ಆಸುಪಾಸು ಗಿಳಿಗಳು ಉಳಿದಿದ್ದವು.

ಪಾಲ್ ಬಟ್ಲರ್ ಎಂಬ ಇಂಗ್ಲಿಷ್ ವಿದ್ಯಾರ್ಥಿ ಗಿಳಿ ಎಣಿಸಲು ಅಲ್ಲಿಗೆ ಬಂದರು. ಏನು ಮಾಡಬೇಕು ಅಂತ ಒಂದು ವರದಿ ಬರೆದುಕೊಟ್ಟರು. ಅಲ್ಲಿನ ಅರಣ್ಯಾಧಿಕಾರಿ ಗೇಬ್ರಿಯಲ್ ಚಾರ್ಲ್ಸ್ ಆ ಕೆಲಸಕ್ಕೆ ಅವರನ್ನೇ ಕರೆದರು. ಕೈಯಲ್ಲಿ ದುಡ್ಡಿರಲಿಲ್ಲ, ಕಾವಲಿಗೆ ಜನ ಇರಲಿಲ್ಲ. ಬಟ್ಲರ್ ವಿಜ್ಞಾನದ ಪಾಠ ಹೇಳಲಿಲ್ಲ. ಇದು ನಿಮ್ಮ ಗಿಳಿ, ನಿಮ್ಮಲ್ಲಿ ಮಾತ್ರ ಇರುವ ಗಿಳಿ ಅಂದರು. ಗಿಳಿಯ ವೇಷ ಶಾಲೆಗಳಿಗೆ ಹೋಯಿತು. ಗಿಳಿಯ ಹಾಡು ಬಂತು, ಟೀ ಶರ್ಟ್, ಸ್ಟಿಕ್ಕರ್ ಬಂದವು, ಗಿಳಿಯ ಹೆಸರಿನ ಬಸ್ಸೇ ಹಳ್ಳಿ ಹಳ್ಳಿ ತಿರುಗಿತು. 1979ರಲ್ಲಿ ಸ್ವಾತಂತ್ರ್ಯ ಬಂದ ಹೊಸ ದೇಶ ಅದನ್ನು ರಾಷ್ಟ್ರಪಕ್ಷಿ ಮಾಡಿಕೊಂಡಿತು. ಮರುವರ್ಷ ವನ್ಯಜೀವಿ ಕಾಯಿದೆ ಬಂತು. ಗಿಳಿಗಳ ಸಂಖ್ಯೆ ಏರುತ್ತಾ ಹೋಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ವೇಷದ ಜೊತೆಜೊತೆಗೇ ಕಾಯಿದೆ, ದಂಡ, ಕಾಡಿನ ರಕ್ಷಣೆ ಎಲ್ಲ ನಡೆದವು. ಆಮೇಲೆ 'ರೇರ್' ಎಂಬ ಸಂಸ್ಥೆ ಇದೇ ವಿಧಾನವನ್ನು ಐವತ್ತಕ್ಕೂ ಹೆಚ್ಚು ದೇಶಗಳಿಗೆ ಒಯ್ದಿತು.

ಪ್ರಾಣಿಯ ಹೆಸರು ಬಳಸಿಕೊಂಡು ಅದಕ್ಕೇ ಏನೂ ಮಾಡದವರೂ ಇದ್ದಾರಾ?

2014ರ ಫುಟ್‌ಬಾಲ್ ವಿಶ್ವಕಪ್ ನೆನಪಿದೆಯಾ? ಬ್ರೆಜಿಲ್‌ನ ಮ್ಯಾಸ್ಕಾಟ್ ಫುಲೆಕೊ. ಮೂರು ಪಟ್ಟಿಯ ಆರ್ಮಡಿಲ್ಲೊ ಅದು. ಅಪಾಯ ಕಂಡರೆ ಮೈಯನ್ನು ಪೂರ್ತಿ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಫುಟ್‌ಬಾಲ್ ಮತ್ತು ಪರಿಸರ ಎರಡನ್ನೂ ಸೇರಿಸಿ ಅದಕ್ಕೆ ಹೆಸರಿಟ್ಟಿದ್ದರು. ಆದರೆ ಆ ಪ್ರಾಣಿ ಬದುಕುವ ಕಾಟಿಂಗಾ ಎಂಬ ಒಣ ಕುರುಚಲು ಕಾಡು ವೇಗವಾಗಿ ಕರಗುತ್ತಿತ್ತು. ಬ್ರೆಜಿಲ್‌ನ ವಿಜ್ಞಾನಿಗಳು ಒಂದು ಸಲಹೆ ಕೊಟ್ಟರು: ವಿಶ್ವಕಪ್‌ನಲ್ಲಿ ಬೀಳುವ ಒಂದೊಂದು ಗೋಲಿಗೂ 1000 ಹೆಕ್ಟೇರ್ ಕಾಟಿಂಗಾ ಉಳಿಸಿ. ಟೂರ್ನಿಯಲ್ಲಿ 171 ಗೋಲು ಬಿದ್ದವು. ಆ ಸಲಹೆ ಸಲಹೆಯಾಗಿಯೇ ಉಳಿಯಿತು. ಗೊಂಬೆಗಳು ಮಾತ್ರ ಚೆನ್ನಾಗಿ ಮಾರಾಟವಾದವು. ಇದನ್ನು ನೆನೆದಾಗಲೆಲ್ಲ ಬೇಜಾರಾಗುತ್ತದೆ.

ಮರ, ಕಾಡನ್ನೇ ಮ್ಯಾಸ್ಕಾಟ್ ಮಾಡಿದ್ದು ಇದೆಯಾ?

ಇದೆ. ಜಪಾನಿನ ಐಚಿಯಲ್ಲಿ 2005ರಲ್ಲಿ ನಡೆದ ಎಕ್ಸ್‌ಪೋ ಎಂಬ ವಿಶ್ವ ಮೇಳಕ್ಕೆ ಮೊರಿಜೊ ಮತ್ತು ಕಿಕ್ಕೊರೊ ಎಂಬ ಜೋಡಿ ಇತ್ತು, ಕಾಡಿನ ಅಜ್ಜ ಮತ್ತು ಮಗು. ಮೊದಲು ಆ ಎಕ್ಸ್‌ಪೋ ಕೈಶೊ ಎಂಬ ಕಾಡಿನಲ್ಲೇ ನಡೆಯಬೇಕಿತ್ತು. ಅಲ್ಲಿ ಗಿಡುಗದ ಗೂಡು ಸಿಕ್ಕಿತು, ಜನ ವಿರೋಧ ಮಾಡಿದರು, ಮುಖ್ಯ ಜಾಗವನ್ನು ಬೇರೆ ಕಡೆ ಬದಲಿಸಿದರು.

ಭಾರತದಲ್ಲಿ ಯಾವ ಮ್ಯಾಸ್ಕಾಟ್‌ಗಳಿವೆ?

2020ರ ಫೆಬ್ರವರಿಯಲ್ಲಿ ಗುಜರಾತಿನ ಗಾಂಧಿನಗರದಲ್ಲಿ ವಲಸೆ ಜೀವಿಗಳ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಮ್ಯಾಸ್ಕಾಟ್ ಗಿಬಿ. ಅದು ನಮ್ಮ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್), ಕೆಲವು ಕಡೆ ದೊರವಾಯನ ಹಕ್ಕಿ ಅನ್ನುತ್ತಾರೆ. ದೇಶದಲ್ಲಿ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲೂ ಬೆರಳೆಣಿಕೆಯಷ್ಟು ಕಂಡಿವೆ. ಆ ತಾಲೂಕಿನ ಮಕ್ಕಳಿಗೆ ಗಿಬಿಯ ಪರಿಚಯ ಇರಬೇಕಿತ್ತು ಅಂತ ನನ್ನ ಆಸೆ.

2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೊಗೆ ಬಂದವು. ಅದಕ್ಕೂ ಮೊದಲೇ ಸುತ್ತಲಿನ ಹಳ್ಳಿಗಳಲ್ಲಿ 'ಚಿಂಟೂ ಚೀತಾ' ಪೋಸ್ಟರುಗಳಾಗಿ ಬಂದಿದ್ದ. ಹೊಸ ಪ್ರಾಣಿ ಬರುತ್ತಿದೆ, ಹೆದರಬೇಡಿ ಅಂತ ಹೇಳುವುದು ಅವನ ಕೆಲಸ. ಪ್ರವಾಸಿಗಳಿಗಲ್ಲ, ಕಾಡಿನ ಪಕ್ಕದವರಿಗೇ ಮೊದಲು ಹೇಳಿದ್ದು ಸರಿಯಾದ ದಾರಿ.

ಅಸ್ಸಾಮಿನದ್ದು ಇನ್ನೂ ಚೆಂದ. ಹರ್ಗಿಲಾ ಎಂಬ ಭಾರೀ ಕೊಕ್ಕರೆ, ಬೋಳು ತಲೆ, ಕೊಳೆತದ್ದನ್ನು ತಿನ್ನುವ ಹಕ್ಕಿ. ಗೂಡಿನಿಂದ ವಾಸನೆ ಅಂತ ಜನ ಮರವನ್ನೇ ಕಡಿಯುತ್ತಿದ್ದರು. ಪೂರ್ಣಿಮಾ ದೇವಿ ಬರ್ಮನ್ ಊರಿನ ಹೆಂಗಸರನ್ನು ಸೇರಿಸಿ 'ಹರ್ಗಿಲಾ ಸೇನೆ' ಕಟ್ಟಿದರು. ಬಸುರಿ ಹೆಂಗಸರಿಗೆ ಸೀಮಂತ ಮಾಡುವ ಹಾಗೆ ಗೂಡು ಕಟ್ಟಿದ ಹಕ್ಕಿಗೂ ಮಾಡಿದರು. ಸೀರೆ, ಗಮೋಸಾ ಎಂಬ ಅಸ್ಸಾಮಿ ವಸ್ತ್ರಗಳ ಮೇಲೆ ಹರ್ಗಿಲಾ ನೇಯ್ದರು. ಕಾಮರೂಪ ಜಿಲ್ಲೆಯ ದಾದರಾ ಸುತ್ತಲಿನ ಹಳ್ಳಿಗಳಲ್ಲಿ 28 ಇದ್ದ ಗೂಡುಗಳು 250 ದಾಟಿದವು. ಅಲ್ಲಿ ಮ್ಯಾಸ್ಕಾಟ್ ಅಂತ ಯಾರೂ ಕರೆಯಲಿಲ್ಲ. ಕೆಲಸ ಮಾತ್ರ ಆಯಿತು.

ಕರ್ನಾಟಕ, ಕೇರಳದ ಕಡೆ ಅಂಥದ್ದೇನಾದರೂ?

ಸಿಂಗಳೀಕ. ಎಪ್ಪತ್ತರ ದಶಕದ ಕೊನೆಯಲ್ಲಿ ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಬರುತ್ತದೆ ಅಂದಾಗ ಹೋರಾಟದ ಮುಖವಾದದ್ದು ಈ ಕಪ್ಪು ಕೋತಿ. ಕೊನೆಗೆ ಯೋಜನೆ ನಿಂತು 1984ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ನಮ್ಮ ಶರಾವತಿ ಕಣಿವೆಯ ಅಭಯಾರಣ್ಯದ ಹೆಸರಲ್ಲೂ 2019ರಿಂದ ಸಿಂಗಳೀಕ ಸೇರಿದೆ.

ಇನ್ನು ಶಿರಸಿ ಕಡೆಯ ಅಪ್ಪಿಕೋ ಚಳವಳಿ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಊರಿನವರು ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅವರಿಗೆ ಗೊಂಬೆ ಬೇಕಾಗಲಿಲ್ಲ. "ಉಳಿಸು, ಬೆಳೆಸು, ಬಳಸು" ಎಂಬ ಮೂರು ಪದ ಸಾಕಾಯಿತು. ಮೂರನೇ ಪದ ನೋಡಿ. ಕಾಡಿನ ಜೊತೆ ಬದುಕುವವರು ಬರೆದ ಮಾತು ಅದು, ಬಂದು ಹೋಗುವವರಿಗೆ ಬರೆದದ್ದಲ್ಲ.

ಜೀವಂತ ಪ್ರಾಣಿಯನ್ನು ಮ್ಯಾಸ್ಕಾಟ್ ಮಾಡಬಹುದಾ?

ಬೇಡ. ಸ್ಮೋಕಿ ಮರಿಯ ಕಾಲ ಬೇರೆ, ಅದು ಜೀವಮಾನವಿಡೀ ಮೃಗಾಲಯದಲ್ಲೇ ಕಳೆಯಿತು. ನಮ್ಮಲ್ಲಿ ಕರಡಿ 1972ರ ವನ್ಯಜೀವಿ ಕಾಯಿದೆಯಡಿ ರಕ್ಷಣೆ ಪಡೆದ ಪ್ರಾಣಿ. ಒಂದು ಕಾಲದಲ್ಲಿ ಮೂಗಿಗೆ ಹಗ್ಗ ಹಾಕಿ ಊರೂರು ಕುಣಿಸಿದ ಕರಡಿಗಳಲ್ಲಿ ಎಷ್ಟೋ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರದಲ್ಲಿ ಆಶ್ರಯ ಪಡೆದವು. ಆ ಮೂಗುಗಳ ಗಾಯ ನೋಡಿದವರು ಜೀವಂತ ಪ್ರಾಣಿಯನ್ನು ವೇದಿಕೆಗೆ ತರುವ ಮಾತಾಡುವುದಿಲ್ಲ.

ನಮ್ಮ ಶಾಲೆಗೆ ಅಥವಾ ಊರಿಗೆ ಒಂದು ಮ್ಯಾಸ್ಕಾಟ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಚಿತ್ರದಿಂದ ಅಲ್ಲ. ಮೊದಲು ನಿಮ್ಮ ಕಾಡಿಗೆ ನಿಜವಾದ ತೊಂದರೆ ಏನು ಅಂತ ತಿಳಿದುಕೊಳ್ಳಿ. ಫೈರ್ ವಾಚರುಗಳು, ಫಾರೆಸ್ಟ್ ಗಾರ್ಡ್, ದನ ಮೇಯಿಸುವವರು, ಜೇನು ಕೀಳುವವರು, ಇವರನ್ನೆಲ್ಲ ಕೂರಿಸಿಕೊಂಡು ಕೇಳಿ. ಒಂದೂರಲ್ಲಿ ರಸ್ತೆಯಿಂದ ಎಸೆದ ಬೀಡಿ ತುಂಡು ಕಾರಣ ಇರಬಹುದು. ಇನ್ನೊಂದೂರಲ್ಲಿ ಹೊಸ ಹುಲ್ಲು ಬರಲಿ ಅಂತ ಹಾಕಿದ ಬೆಂಕಿ. ಮತ್ತೊಂದು ಕಡೆ ಇಲಾಖೆಯವರ ಮೇಲಿನ ಸಿಟ್ಟು. ಮೂರಕ್ಕೂ ಒಂದೇ ಮಾತು ಆಗುವುದಿಲ್ಲ. ಸಿಟ್ಟಿಗಂತೂ ಯಾವ ಮ್ಯಾಸ್ಕಾಟೂ ಮದ್ದಲ್ಲ, ಕೂತು ಮಾತಾಡಲೇಬೇಕು.

ಆಮೇಲೆ ನಿಮ್ಮಲ್ಲೇ ಇರುವ ಪ್ರಾಣಿಯನ್ನು ಆರಿಸಿ. ಹುಲಿ, ಆನೆಯೇ ಆಗಬೇಕಿಲ್ಲ. ಕೆಂಜಳಿಲು, ಮಂಗಟ್ಟೆ ಹಕ್ಕಿ, ಚಿಪ್ಪು ಹಂದಿ, ಕಾಡುಪಾಪ ಏನಾದರೂ ಸರಿ. ಆನೆ ಬೆಳೆ ತುಳಿಯುವ ಊರಲ್ಲಿ ನಗುವ ಆನೆಯ ಗೊಂಬೆ ನಿಲ್ಲಿಸಿದರೆ ರೈತರಿಗೆ ನೋವಾಗುತ್ತದೆ. ಹೇಳುವ ಕೆಲಸ ಮಕ್ಕಳ ಕೈಲಾಗುವಂಥದ್ದಿರಲಿ, ಒಂದೇ ಇರಲಿ. ಐದಾರು ವರ್ಷಕ್ಕೊಮ್ಮೆ ಆ ಮಾತು ಇನ್ನೂ ಸರಿಯಿದೆಯಾ ಅಂತ ಅದೇ ವಾಚರುಗಳನ್ನು ಮತ್ತೆ ಕೇಳಿ, ಬೇಕಿದ್ದರೆ ತಿದ್ದಿ.

ಇಲಾಖೆಯ 'ಚಿಣ್ಣರ ವನ ದರ್ಶನ'ದಲ್ಲಿ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ನಿಮ್ಮ ಮಕ್ಕಳಿಗೆ ಆ ಅವಕಾಶ ಸಿಕ್ಕಿದೆಯಾ ಅಂತ ಹತ್ತಿರದ ರೇಂಜ್ ಆಫೀಸಿನಲ್ಲಿ ವಿಚಾರಿಸಿ. ಕಾಡು ನೋಡಿ ಬಂದ ಮಕ್ಕಳ ಕೈಗೇ ಪೆನ್ಸಿಲ್ ಕೊಡಿ. ವೇಷ ಹೊಲಿಸುವುದಾದರೆ ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೆ ಒಂದು ತಿಂಗಳು ಮೊದಲೇ ಟೈಲರ್‌ಗೆ ಹೇಳಿಬಿಡಿ. ತೆಳು ಹತ್ತಿ ಬಟ್ಟೆಯಲ್ಲೇ ಹೊಲಿಸಿ, ಒಳಗಿರುವವರಿಗೆ ಸೆಕೆ ತಡೆಯಲಾಗುವುದಿಲ್ಲ.